ಮೌನಜ್ಜನ ಶಕ್ತಿಗೆ ಬಿದ್ದ ಕತ್ತರಿ

ಈ ಸಂಗತಿಯನ್ನು ಬರೆಯಬೇಕೆಂದುಕೊಂಡು ಒಂದು ವರ್ಷವಾಗುತ್ತ ಬಂತು. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಅಂದುಕೊಂಡೆ. ಪೊರೆ ತೆಗೆಸಿದ ಮೇಲೆ ಹೊಸ ಕನ್ನಡಕ ಬರಲಿ ಅಂದೆ. ಕನ್ನಡಕ ಬಂತು. ಅದನ್ನು ಹಾಕಿಕೊಂಡರೆ ಎಲ್ಲವೂ ಬಹಳ ಸ್ಪಷ್ಟವಾಗಿ ಕಾಣತೊಡಗಿ ಇನ್ನಷ್ಟು ಹಿಂಜರಿದೆ. ನಮ್ಮ ಚರ್ಚಿನಲ್ಲಿ ಪಾಪದ ಅರಿಕೆಯನ್ನು ಎಲ್ಲರೂ ಒಟ್ಟಿಗೆ, ಒಂದೇ ದನಿಯಲ್ಲಿ, ಪುಸ್ತಕ ನೋಡಿಕೊಂಡು ಓದುತ್ತೇವೆ. ಬಹಳ ಅನುಕೂಲದ ಪದ್ಧತಿ ಅದು. ಅಷ್ಟು ಜನರ ದನಿಯೊಳಗೆ ನನ್ನದು ಯಾವುದೆಂದು ಪಕ್ಕದವನಿಗೂ ತಿಳಿಯುವುದಿಲ್ಲ, ಪಕ್ಕದವನು ಏನು ಮಾಡಿದ್ದಾನೆಂದು ನನಗೂ ತಿಳಿಯುವುದಿಲ್ಲ, ಎಲ್ಲರೂ ಹಗುರಾಗಿ ಮನೆಗೆ ಹೋಗಿ ಊಟ ಮಾಡುತ್ತೇವೆ. ಒಬ್ಬನೇ ಕೂತು ಬರೆಯುವಾಗ ಆ ಸೌಲಭ್ಯ ಇಲ್ಲ. ಇದನ್ನು ಬರೆಯುವಾಗಲೇ ಎರಡು ಸಲ ಎದ್ದು ನೀರು ಕುಡಿದು ಬಂದಿದ್ದೇನೆ.

ಎಲ್ಲಕ್ಕೂ ಕಾರಣ ನನ್ನ ಮಗಳ ಮಗಳು ಸ್ನೇಹಾ. ಬೀದರಿನಲ್ಲಿ ನರ್ಸಿಂಗ್ ಓದುತ್ತ ನೌಬಾದದ ನಮ್ಮ ಮನೆಯಲ್ಲೇ ಇದ್ದಾಳೆ. ಅವಳೂ, ಭಾಲ್ಕಿಯ ರೇಷ್ಮಾ ಎಂಬ ಗೆಳತಿಯೂ, ಔರಾದಿನ ಇನ್ನೊಬ್ಬ ಹುಡುಗಿಯೂ ಸೇರಿ ಮೊಬೈಲಿನಲ್ಲಿ ಒಂದು ಆಟ ಆಡುತ್ತಾರೆ. ಓಡುವ, ಹಾರುವ ಆಟವಲ್ಲ. ಮೂವರೂ ಕೂಡಿ ಬರೆಯುವ ಒಂದು ಕಥೆ. ನಮ್ಮ ನೌಬಾದದ ನೆಲದಡಿ ಹಳೆಯ ನೀರಿನ ಸುರಂಗ ಇದೆಯಲ್ಲ, ಅದರ ಕೆಳಗೊಂದು ರಾಜ್ಯ ಇದೆಯಂತೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಸ್ನೇಹಾ ರಾಣಿ, ರೇಷ್ಮಾ ನೀರಬಾಗಿಲಿನ ಕಾವಲುಗಾರ್ತಿ, ಔರಾದಿನವಳು ಕುದುರೆ ವೈದ್ಯೆ. ಅವರವರ ಪಾತ್ರ ಏನು ಮಾಡಿತು, ಏನು ಅಂದಿತು ಎಂದು ಅವರವರೇ ಬರೆದು ಗುಂಪಿಗೆ ಹಾಕುತ್ತಾರೆ. ಅದನ್ನು ಓದಿ ಮುಂದಿನವಳು ತನ್ನ ಪಾತ್ರವನ್ನು ಮುಂದೆ ನಡೆಸುತ್ತಾಳೆ. ಹೀಗೆ ಎರಡು ವರ್ಷದಿಂದ ನಡೆದಿದೆ.

ಒಂದು ದಿನ ಸ್ನೇಹಾ ಬಂದು, "ನಮ್ಮ ಕಥಿಗಿ ಒಬ್ಬ ಮುದುಕ ಬೇಕಾಗ್ಯಾನ ಮುತ್ಯಾ" ಅಂದಳು. ಮುದುಕರು ಬೇಕಾಗಿದ್ದಾರೆ ಎಂದು ಹೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. ಏನು ಎತ್ತ ಕೇಳದೆ ಒಪ್ಪಿಕೊಂಡೆ. ಪಾತ್ರದ ಹೆಸರು ಮೌನಜ್ಜ. ಸ್ನೇಹಾ ಹತ್ತನೆಯ ತರಗತಿಯಲ್ಲಿದ್ದಾಗ ಒಂದು ನೋಟುಬುಕ್ಕಿನಲ್ಲಿ ಬರೆದ ಕಥೆಯಿಂದ ಎದ್ದು ಬಂದವನು. ಬಾಯಿ ಬಿಡದ ಮಾಂತ್ರಿಕ, ರಾಜ್ಯದಲ್ಲಿ ಯಾರ ಮನಸ್ಸಿನಲ್ಲಿ ಏನಿದ್ದರೂ ಅವನಿಗೆ ಕೇಳಿಸುತ್ತದೆ. ಇದನ್ನು ಓದಿದಾಗ ನನಗೆ ಹಳೆಯ ಅಂಗಿ ಮತ್ತೆ ಮೈಗೆ ಸರಿಹೊಂದಿದಂತೆ ಆಯಿತು. ಯಾಕೆಂದರೆ ನಾನು ಮೂವತ್ತು ವರ್ಷ ಮಾಡಿದ ಕೆಲಸವೂ ಹೆಚ್ಚುಕಡಿಮೆ ಅದೇ.

ನನ್ನ ಓದು ಹೈಸ್ಕೂಲಿಗೇ ಮುಗಿಯಿತು. ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು ಚೀಟಿ ನೋಡಿ ಹೆಸರು ಕೂಗುವುದು ನನ್ನ ಕೆಲಸ. ಆದರೆ ಡಾಕ್ಟರು ದೂರದ ಊರಿನವರು. ಬರುವ ರೋಗಿ ಒಬ್ಬ ಕನ್ನಡದವ, ಒಬ್ಬ ಉರ್ದುವಿನವ, ಒಬ್ಬ ಮರಾಠಿಯವ, ಮತ್ತೊಬ್ಬ ಒಂದೇ ಮಾತಿನಲ್ಲಿ ಮೂರನ್ನೂ ಬೆರೆಸುವವ. ಹಾಗಾಗಿ ರೋಗಿಯ ಮಾತನ್ನು ಡಾಕ್ಟರಿಗೆ ದಾಟಿಸುವ ಕೆಲಸವೂ ನನಗೇ ಬಂತು. ಮೊದಮೊದಲು ನಿಷ್ಠೆಯಿಂದ ಮಾಡಿದೆ. ಐದಾರು ವರ್ಷಕ್ಕೆ ಚುರುಕಾದೆ. ರೋಗಿ ತನ್ನ ಸೊಸೆಯಿಂದ ಶುರುಮಾಡಿ ಎಮ್ಮೆಯ ತನಕ ಹತ್ತು ನಿಮಿಷ ಹೇಳುತ್ತಿದ್ದ; ನಾನು "ಗ್ಯಾಸ್" ಅನ್ನುತ್ತಿದ್ದೆ. ಡಾಕ್ಟರು ಐದು ನಿಮಿಷ ವಿವರಿಸುತ್ತಿದ್ದರು. ನಾನು ರೋಗಿಗೆ "ಖಾರ ಬಿಡು" ಅನ್ನುತ್ತಿದ್ದೆ. ಬಾಗಿಲು ದಾಟಿ ಬರುವ ನಡಿಗೆ ನೋಡಿಯೇ ಕಾಯಿಲೆ ಹೇಳುತ್ತೇನೆಂಬ ಸೊಕ್ಕು ಬಂದಿತ್ತು. ಸಾಲು ಬೇಗ ಕರಗುತ್ತಿತ್ತು, ಡಾಕ್ಟರು ಖುಷಿಯಾಗಿದ್ದರು. ರೋಗಿಗಳು ಖುಷಿಯಾಗಿದ್ದರೇ ಎಂದು ಕೇಳಬೇಡಿ. ನಾನೂ ಕೇಳಲಿಲ್ಲ.

ಇಂಥ ಅನುಭವಸ್ಥನ ಕೈಗೆ ಮೌನಜ್ಜ ಸಿಕ್ಕ. ಆಗ ಕಥೆಯಲ್ಲಿ ರೇಷ್ಮಾಳ ಕಾವಲುಗಾರ್ತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಯಾರು ಏನು ಕೇಳಿದರೂ ಸುಮ್ಮನಿದ್ದಳು. ನಾನು ಒಂದು ತಾಸು ಕೂತು ಒಂದೊಂದೇ ಅಕ್ಷರ ಒತ್ತಿ ಬರೆದೆ: "ಮೌನಜ್ಜ ಕಣ್ಣು ಮುಚ್ಚಿದ. ಕಾವಲುಗಾರ್ತಿಯ ಮನಸ್ಸನ್ನು ಹೊಕ್ಕ. ಅವಳು ವೈರಿಗೆ ಕೀಲಿಕೈ ಕೊಟ್ಟಿದ್ದಾಳೆ. ಈಗ ಹೆದರಿ ನಡುಗುತ್ತಿದ್ದಾಳೆ." ಕಳಿಸಿ, ಹೊಗಳಿಕೆಗಾಗಿ ಕಾದು ಕೂತೆ. ಎರಡು ನೀಲಿ ಗೆರೆ ಬಂದವು, ಎಂದರೆ ಎಲ್ಲರೂ ಓದಿದ್ದಾರೆ. ಯಾರೂ ಏನೂ ಅನ್ನಲಿಲ್ಲ. ಅರ್ಧ ತಾಸಿನ ಮೇಲೆ ಪರದೆಯ ನಡುವೆ ಸಣ್ಣ ಅಕ್ಷರದಲ್ಲಿ, ರೇಷ್ಮಾ ಗುಂಪು ಬಿಟ್ಟಳೆಂದು ಬಂತು.

ಸ್ನೇಹಾ ಕಾಲೇಜಿನಿಂದ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

"ಮುತ್ಯಾ, ಆಕಿ ಕೀಲಿ ಕೊಟ್ಟಿದ್ದಿಲ್ಲ. ತನ್ನ ಕುರುಡ ಅವ್ವನ್ನ ಬಾಗಿಲ ಹಿಂದ ಮುಚ್ಚಿಟ್ಟಿದ್ಳು. ಒಂದು ತಿಂಗಳಿಂದ ಒಂದೊಂದೇ ಸುಳಿವು ಕೊಡ್ಲತ್ತಿದ್ಳು. ನೀ ಒಂದೇ ಏಟಿಗಿ ಆಕೀನ್ನ ಕಳ್ಳಿ ಮಾಡಿಟ್ಟಿ."

"ಮೌನಜ್ಜಗ ಮನಸ್ಸು ಓದಾಕ ಬರ್ತದ ಅಂತ ನೀನೇ ಹೇಳಿದ್ದಿ."

"ನನ್ನ ನೋಟುಬುಕ್ಕಿನ್ಯಾಗ ಓದ್ತಿದ್ದ. ಅಲ್ಲಿ ಎಲ್ಲಾರ ಮನಸ್ಸೂ ನಾನೇ ಬರದಿದ್ದೆ. ಇಲ್ಲಿ ಆಕಿ ಮನಸ್ಸು ಆಕೀದೇ. ರೇಷ್ಮಾ ಬರ್ಲಿಲ್ಲಂದ್ರ ಆಟ ಬಂದಾದಂಗೇ."

ಎರಡು ವರ್ಷದ ಆಟವನ್ನು ಒಂದು ತಾಸಿನಲ್ಲಿ ಮುಗಿಸಿದ ಕೀರ್ತಿ ನನ್ನದಾಯಿತು. ಮೊಬೈಲು ಗುಂಯ್ ಎಂದರೆ ಬೆಚ್ಚುವುದು, ಅನ್ನದಿದ್ದರೆ ಕೆಟ್ಟಿತೇ ಎಂದು ಅಲ್ಲಾಡಿಸಿ ನೋಡುವುದು. ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕದಲ್ಲಿ ಅದೇ. ಹೆಂಡತಿ ಸರೋಜಿನಿ ರೊಟ್ಟಿ ಹಾಕುತ್ತ, "ಊರಮಂದಿ ಮನಸ್ಸು ಆಮ್ಯಾಲ ಓದ್ರಿ, ಮೊದಲ ಮನಿಯಾಕಿದು ಓದ್ರಿ. ಪುಂಡಿ ಪಲ್ಯ ಇನ್ನ ತರಬ್ಯಾಡ್ರಿ ಅಂತ ಹದಿನೈದು ವರ್ಷದಿಂದ ಅನ್ಕೋಲತ್ತೀನಿ" ಅಂದಳು. ವಾರಕ್ಕೆ ನಾಲ್ಕು ದಿನ ನಮ್ಮ ಮನೆಯಲ್ಲಿ ಪುಂಡಿ ಪಲ್ಯ, ಅದೇ ಹುಳಿ ಸೊಪ್ಪು. ತರುವವನು ನಾನೇ. ನನಗೂ ಅದು ಅಷ್ಟೇನೂ ಇಷ್ಟವಿಲ್ಲ. ಯಾಕೆ ತರುತ್ತೇನೆಂಬುದು ಈ ಬರಹ ಮುಂದೂಡಿದ್ದಕ್ಕೆ ನಿಜವಾದ ಕಾರಣ, ಅದಕ್ಕೇ ಬರುತ್ತಿದ್ದೇನೆ.

ಮರುದಿನ ಔರಾದಿನ ಹುಡುಗಿ ಫೋನಿನಲ್ಲಿ ಪಂಚಾಯತಿ ಕೂಡಿಸಿದಳು. ಮೌನಜ್ಜನನ್ನು ಕಥೆಯಿಂದ ತೆಗೆಯಬಾರದು, ಅವನ ಶಕ್ತಿಯನ್ನು ನಾಲ್ಕು ಜನ ಕೂಡಿ ಆಡುವ ಆಟಕ್ಕೆ ತಕ್ಕಂತೆ ಕತ್ತರಿಸಬೇಕು ಎಂದು ಅವಳ ತೀರ್ಪು. ತಹಸೀಲ್ದಾರರ ಮುಂದೆ ನಿಂತ ಹಾಗೆ ನಾನು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡೆ.

"ಮುತ್ಯಾರ, ಯಾರ ಮನಸ್ಸು ಓದ್ಬೇಕಂದ್ರೂ ಮೊದಲ ಆ ಪಾತ್ರ ಬರ್ಯೋರನ್ನ ಕೇಳ್ಬೇಕ್ರಿ. ಓದ್ಲೇನು, ಏನದ, ಅಂತ. ಅವ್ರು ಏನ್ ಕೊಡ್ತಾರ ಅಷ್ಟೇ ನಿಮಗ ಕೇಳಸ್ತದ. ಅರ್ಧ ಕೊಡ್ಬಹುದು. ಸುಳ್ಳೂ ಕೊಡ್ಬಹುದು. ಬ್ಯಾಡ ಅಂದ್ರ ಬ್ಯಾಡ."

"ಹಂಗಂದ್ರ ಅದು ಎಂಥಾ ಶಕ್ತಿ ಅವ್ವ? ಕೇಳಿ ತಿಳ್ಕೊಳ್ಳೋದು ಯಾರಿಗರೆ ಬರ್ತದಲ್ಲ."

"ನಿಮಗ ಬರ್ಲಿಲ್ಲಲ್ರಿ."

ಸ್ನೇಹಾ ಮುಖ ಆಚೆ ತಿರುಗಿಸಿ ನಕ್ಕಳು. ಔರಾದಿನವಳು ಮುಂದುವರಿಸಿದಳು: "ಮತ್ತ, ಶಕ್ತಿ ಅಂದ್ಮ್ಯಾಲ ಅದಕ್ಕ ಏನರೆ ತ್ರಾಸ ಇರ್ಬೇಕ್ರಿ. ಮನಸ್ಸು ಓದಿದ ದಿನ ಮೌನಜ್ಜಂದು ಒಂದು ಕಿವಿ ಬಂದಾಗ್ಲಿ. ಬಲಗಿವಿ ಅನ್ರಿ."

ನಾನು ಕೈಯಲ್ಲಿದ್ದ ಮೊಬೈಲನ್ನು ಸ್ನೇಹಾಳಿಗೆ ಕೊಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತೆ. ಅವಳು ಬಂದು ಏನಾಯಿತು ಎಂದಳು. ಬಲಗಿವಿ ಎಂದಾಗ ನೆನಪಾದ ಹಳೆಯ ಸಂಗತಿಯನ್ನು ಮೊದಲ ಸಲ ಹೇಳಿದ್ದು ಅವಳಿಗೆ.

ಬಗದಲ್‌ನಿಂದ ಒಬ್ಬ ಹೆಂಗಸು ಆಸ್ಪತ್ರೆಗೆ ಬಂದಿದ್ದಳು. ಆಗ ಮೂವತ್ತರ ಒಳಗಿನವಳು. "ಬಲಗಿವ್ಯಾಗ ಹಿಟ್ಟಿನ ಗಿರಣಿ ನಡದಂಗ ಆಗ್ತದ್ರಿ. ಮಗ್ಗಲ ನಿಂತು ಕರದ್ರೂ ಕೇಳಂಗಿಲ್ಲ. ತಲಿ ಜಡ ಆಗ್ತದ" ಅಂದಳು. ಹೊರಗೆ ಸಾಲು ಉದ್ದ ಇತ್ತು. ನಾನು ತಲೆ ಎಂಬುದನ್ನಷ್ಟೇ ಹಿಡಿದುಕೊಂಡು ಡಾಕ್ಟರಿಗೆ ತಲೆನೋವು ಅಂದೆ. ಮಾತ್ರೆ ಕೊಟ್ಟರು. ಹದಿನೈದು ದಿನಕ್ಕೆ ಮತ್ತೆ ಬಂದಳು, ಈ ಸಲ ಅವಳು ಬಾಯಿ ತೆರೆಯುವ ಮೊದಲೇ ಅದೇ ತಲೆನೋವು ಅಂದೆ. ಅವಳು ಕಿವಿಯ ಕಡೆ ಕೈ ಮಾಡಿ ಏನೋ ಹೇಳುತ್ತಿದ್ದಳು. ನಾನಾಗಲೇ ಮುಂದಿನ ಹೆಸರು ಕೂಗಿದ್ದೆ. ಮೂರನೆಯ ಸಲ ಬಂದಾಗ ಒಬ್ಬ ನರ್ಸಮ್ಮ ಬ್ಯಾಟರಿ ಹಾಕಿ ಕಿವಿ ನೋಡಿದರು. ಒಳಗೆಲ್ಲ ಕೀವು. ದೊಡ್ಡ ಆಸ್ಪತ್ರೆಗೆ ಕಳಿಸಿದರು, ಆದರೆ ಆ ಕಿವಿ ಹೋಗಿಬಿಟ್ಟಿತ್ತು. ಚೀಟಿಯ ಮೇಲೆ ಡಾಕ್ಟರ ಕೈಬರಹದಲ್ಲಿ ಎರಡು ಸಲ ತಲೆನೋವು ಎಂದೇ ಇತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳದೆ ಇರುವುದು ಅಲ್ಲಿ ನಾನೇ ಕಲಿಸಿದ ರೂಢಿ.

ಅವಳು ಈಗ ನೌಬಾದದ ರಸ್ತೆ ಬದಿಗೆ ಪಲ್ಯ ಮಾರುತ್ತಾಳೆ. ನನ್ನ ಗುರುತು ಚೆನ್ನಾಗಿ ಇದೆ. ಚೀಟಿ ಸಾಹೇಬರು ಎಂದು ಕರೆಯುತ್ತಾಳೆ. ಮಾತಾಡಿಸಿದರೆ ಮುಖ ಪೂರ್ತಿ ತಿರುಗಿಸಿ ಎಡಗಿವಿ ಕೊಡುತ್ತಾಳೆ. ಪಕ್ಕದಲ್ಲಿ ಯಾರಾದರೂ ಗಿರಾಕಿ ಇದ್ದರೆ, "ಇವ್ರು ಭಾಳ ಛಲೋ ಮನಷ್ಯಾರ್ರಿ. ದವಾಖಾನ್ಯಾಗ ನನ್ನ ಪರವಾಗಿ ಡಾಕ್ಟರ್‌ಗ ಮಾತಾಡಿದೋರು ಇವ್ರೇ" ಅನ್ನುತ್ತಾಳೆ. ಹಾಗೆಂದು ಕೊಸರಿಗೆ ಒಂದು ಹಿಡಿ ಕೊತ್ತಂಬರಿ ಹಾಕುತ್ತಾಳೆ. ಆ ಕೊತ್ತಂಬರಿ ಹಿಡಿದುಕೊಂಡು ಮನೆಯ ತನಕ ನಡೆಯುವುದು ಎಷ್ಟು ದೂರವೆಂದು ನಡೆದವನಿಗೇ ಗೊತ್ತು. ಹದಿನೈದು ವರ್ಷದಿಂದ ಪ್ರತಿ ಸಲವೂ ಹೇಳಬೇಕೆಂದು ಹೋಗುತ್ತೇನೆ, ಪುಂಡಿ ಪಲ್ಯ ತೆಗೆದುಕೊಂಡು ಬರುತ್ತೇನೆ.

ಸ್ನೇಹಾ ಎಲ್ಲ ಕೇಳಿ, "ಮೊದಲ ರೇಷ್ಮಾಗ ಹೇಳು ಮುತ್ಯಾ. ಸಣ್ಣದರಿಂದ ರೂಢಿ ಆಗ್ಲಿ" ಅಂದಳು. ನಾನು ಬರೆಯಲು ಕೂತೆ. ಮೊದಲ ಪ್ರತಿ ಹೀಗಿತ್ತು: "ಮಗಳೇ, ನಿನಗೆ ಬೇಸರವಾಗಿದೆ ಎಂದು ನನಗೆ ಗೊತ್ತು." ಸ್ನೇಹಾ ಓದಿ, "ನೋಡು, ಮತ್ತ ಆಕಿ ಮನಸ್ಸು ಓದ್ಲತ್ತೀ" ಅಂದಳು. ಎರಡನೆಯದು: "ನೀನು ಕ್ಷಮಿಸುತ್ತೀ ಎಂದು ನಂಬಿದ್ದೇನೆ." ಅದನ್ನೂ ಹೊಡೆದುಹಾಕಿದಳು. ಮೂರನೆಯದರಲ್ಲಿ ನನ್ನ ವಯಸ್ಸು, ಕಣ್ಣಿನ ಪೊರೆ, ರಕ್ತದೊತ್ತಡ ಎಲ್ಲ ಬಂದಿದ್ದವು. ಇದೇನು ಡಾಕ್ಟರಿಗೆ ಬರೀಲತ್ತೀ ಏನು ಅಂದಳು. ಕಡೆಗೆ ಉಳಿದದ್ದು ಮೂರು ಮಾತು. "ನಿನ್ನನ್ನು ಕೇಳದೆ ಬರೆದೆ. ತಪ್ಪಾಯಿತು. ನಿನ್ನ ಮನಸ್ಸಿನಲ್ಲಿ ಏನಿದೆ?"

ಎಪ್ಪತ್ತೆರಡು ವರ್ಷದಲ್ಲಿ ಆ ಕಡೆಯ ಮಾತನ್ನು ನಾನು ಯಾರಿಗಾದರೂ ಕೇಳಿದ್ದೇನೆಯೇ ಎಂದು ಯೋಚಿಸಿದೆ. ಸರೋಜಿನಿಗೆ ಕೇಳಿದ ನೆನಪಿಲ್ಲ. ಕೇಳಿ ನೋಡೋಣವೆಂದು ಅಡುಗೆಮನೆಗೆ ಹೋಗಿ ಕೇಳಿಯೇಬಿಟ್ಟೆ. ಅವಳು ನನ್ನ ಹಣೆ ಮುಟ್ಟಿ ನೋಡಿ, "ಹೋಗಿ ಒಂದೀಟು ಮಲಕ್ಕೋರಿ" ಅಂದಳು.

ರೇಷ್ಮಾಳ ಉತ್ತರ ಒಂದು ಹಗಲು ಬಿಟ್ಟು ಬಂತು. ಆ ಒಂದು ಹಗಲು ನಾನು ಮೊಬೈಲಿಗೆ ಎಷ್ಟು ಸಲ ಕನ್ನಡಕ ಏರಿಸಿದೆನೋ. "ಸಿಟ್ಟದ ಮುತ್ಯಾ. ಇನ್ನೂ ಅದ. ಆದ್ರ ಬರ್ತೀನಿ. ನನ್ನ ಕಾವಲುಗಾರ್ತಿ ಮನಸ್ಸಿನ್ಯಾಗ ಏನದ ಈಗ ಹೇಳಂಗಿಲ್ಲ." ಅದನ್ನು ಓದಿ ನನಗಾದ ನಿರಾಳ ನಿವೃತ್ತಿಯ ದಿನವೂ ಆಗಿರಲಿಲ್ಲ. ಸಿಟ್ಟು ಇದೆ ಎಂದು ಒಬ್ಬರು ಬಾಯಿಬಿಟ್ಟು ಹೇಳಿದರೆ ಇಷ್ಟು ಹಗುರಾಗುತ್ತದೆಂದು ಗೊತ್ತಿರಲಿಲ್ಲ.

ಆ ಹುಮ್ಮಸ್ಸಿನಲ್ಲೇ ಚಪ್ಪಲಿ ಮೆಟ್ಟಿ ರಸ್ತೆಗೆ ಹೋದೆ. ಪಲ್ಯದವಳು ಸೊಪ್ಪಿಗೆ ನೀರು ಚಿಮುಕಿಸುತ್ತ ಕೂತಿದ್ದಳು. ಬೇರೆ ಗಿರಾಕಿ ಇರಲಿಲ್ಲ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಗಿರಣಿಯ ಸದ್ದು, ತಲೆನೋವು, ಎರಡನೆಯ ಸಲ, ಮುಂದಿನ ಹೆಸರು ಕೂಗಿದ್ದು, ಯಾವುದನ್ನೂ ಬಿಡಲಿಲ್ಲ. ಒಂದು ಸಲವೂ ತಡವರಿಸಲಿಲ್ಲ. ಕಡೆಗೆ "ನಿಮ್ಮ ಮನಸ್ಸಿನ್ಯಾಗ ಏನದ?" ಎಂದೂ ಕೇಳಿದೆ. ಅವಳು ಕೈ ಒರೆಸಿಕೊಂಡು, ಮುಖ ತಿರುಗಿಸಿ ಎಡಗಿವಿ ಕೊಟ್ಟು, "ಯಾವಾಗ ಬಂದ್ರಿ ಸಾಹೇಬ್ರ? ಪುಂಡಿ ಪಲ್ಯ ಕೊಡ್ಲ್ಯಾ?" ಅಂದಳು.

ಎರಡು ಕಟ್ಟು ಅಂದೆ. ಕೊತ್ತಂಬರಿಯೂ ಬಂತು.

ಮನೆಯಲ್ಲಿ ಸ್ನೇಹಾ ಬಾಗಿಲಲ್ಲೇ ನಿಂತಿದ್ದಳು. "ಹೇಳ್ದೇನ್ ಮುತ್ಯಾ?"

"ಹೇಳ್ದೆ. ಎಲ್ಲಾ ಹೇಳ್ದೆ."

ಅವಳು ನನ್ನ ಕೈಯಲ್ಲಿದ್ದ ಕಟ್ಟುಗಳನ್ನು ನೋಡಿದಳು. "ಯಾವ ಕಿವಿಗಿ?"

ಹದಿನೈದು ವರ್ಷದಿಂದ ಪಲ್ಯ ಕೊಳ್ಳುವವನಿಗೆ ಯಾವ ಕಡೆ ಕೂರಬೇಕೆಂದು ಗೊತ್ತಿರಲಿಲ್ಲ ಎಂದರೆ ನೀವೂ ನಂಬಬೇಡಿ. ಪರರ ಮನಸ್ಸನ್ನು ಕೇಳದೆ ಓದಬಾರದೆಂಬ ನಿಯಮ ಈಗ ಬಾಯಿಪಾಠವಾಗಿದೆ. ಆದರೆ ನನ್ನದನ್ನು ಓದಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಅಲ್ಲಿರುವುದನ್ನು ಓದಿದ್ದೇನೆ. ಕಾಲು ತಾನಾಗಿಯೇ ಬಲಕ್ಕೆ ಹೋಗಲಿಲ್ಲ, ನಾನೇ ಒಯ್ದೆ.

ಇನ್ನೊಂದು ಸಲ ಹೋಗಬೇಕು, ಎಡಗಡೆ ಕೂರಬೇಕು. ಮೊದಲು ಹೆಸರು ಹಿಡಿದು ಕರೆಯಬೇಕು. ಇಷ್ಟು ವರ್ಷ ಪಲ್ಯ ಕೊಂಡವನು ಅವಳನ್ನು ಒಂದು ದಿನವೂ ಹೆಸರಿನಿಂದ ಕರೆದಿಲ್ಲ. ಇಷ್ಟು ಬರೆದವನು ಇಲ್ಲಿಯೂ ಬರೆದಿಲ್ಲ. ಮರೆತಿದ್ದರಿಂದಲ್ಲ. ಚೀಟಿಯಿಂದ ತಲೆಯೆತ್ತದೆ, ಮೂರು ಸಲ, ಕಡೆಯ ಬೆಂಚಿನವರಿಗೂ ಕೇಳುವಂತೆ ನಾನೇ ಕೂಗಿದ ಹೆಸರು ಅದು: ಕಾಶಮ್ಮ.