ಎಂಬಿಎ ಮುಗಿಸಿ ಹೆಣದ ಗಾಡಿ ತಂದದ್ದು

ಸಾವಿನ ಮನೆಯಲ್ಲಿ ನಗಬಾರದು ಅಂತ ಹಿರಿಯರು ಹೇಳುತ್ತಾರೆ. ನಿಜವೇ. ಆದರೆ ನಗು ಬರಿಸುವಂಥ ಕೆಲಸಗಳನ್ನೆಲ್ಲ ಜನ ಅಲ್ಲಿಗೇ ಬಂದು ಮಾಡುತ್ತಾರಲ್ಲ, ನಾನೇನು ಮಾಡಲಿ? ಬಳ್ಳಾರಿಯಲ್ಲಿ ಅಂತ್ಯಕ್ರಿಯೆಗೆ ಬೇಕಾದದ್ದನ್ನೆಲ್ಲ ಒದಗಿಸುವ ಕಂಪನಿ ನನ್ನದು. ಆರು ವರ್ಷದಿಂದ ತುಟಿ ಕಚ್ಚಿಕೊಂಡೇ ಬದುಕುತ್ತಿದ್ದೇನೆ.

ವೈವಾ

ಎಂಬಿಎ ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದೊಂದು ಕಂಪನಿಯ ಯೋಜನೆ ಬರೆದುಕೊಡಬೇಕಿತ್ತು. ಆ ತಿಂಗಳೇ ನಮ್ಮಜ್ಜಿ ತೀರಿಕೊಂಡಿದ್ದಳು. ಅಪ್ಪ ಅರವತ್ತು ದಾಟಿದ ನಿವೃತ್ತ ಗುಮಾಸ್ತ. ಹೆತ್ತ ತಾಯಿಯ ಪಕ್ಕ ಕೂತು ಅಳುವುದಕ್ಕೂ ಬಿಡುವಿಲ್ಲದೆ ಬಿದಿರು, ಮಡಕೆ, ಆಚಾರ್ಯರು, ಗಾಡಿ ಅಂತ ಬಳ್ಳಾರಿಯ ಬಿಸಿಲಲ್ಲಿ ಅಲೆದರು. ಅದನ್ನೆಲ್ಲ ಕಣ್ಣಾರೆ ನೋಡಿದ್ದೆ. ಗೆಳತಿಯರೆಲ್ಲ ಜೀನ್ಸ್ ಪ್ಯಾಂಟು, ಸೋನಾ ಮಸೂರಿ ಅಂತ ಬರೆದರೆ ನಾನು ಇದನ್ನೇ ಬರೆದೆ.

ವೈವಾದಲ್ಲಿ ನಮ್ಮ ಪ್ರೊಫೆಸರು ಯಾರ ಹಾಳೆಯನ್ನೂ ನೋಡುತ್ತಿರಲಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ. ಒಮ್ಮೆ ಬಂದ ಗ್ರಾಹಕ ಮತ್ತೆ ನಿಮ್ಮಲ್ಲಿಗೇ ಬರುವ ಹಾಗೆ ಏನು ಮಾಡುತ್ತೀರಿ ಅಂತ ನನಗೂ ಕೇಳಿದರು.

"ಅವರು ಬರಂಗಿಲ್ರಿ ಸರ್. ಅವರ ಮನಿಯವರು ಒಬ್ಬೊಬ್ಬರಾಗಿ ಬರ್ತಾರ್ರಿ."

ಆಗ ಹಾಳೆ ನೋಡಿದರು. ಅಂಕವನ್ನೇನೋ ಧಾರಾಳವಾಗಿ ಕೊಟ್ಟರು. ಆದರೆ ಅವತ್ತು ಮಧ್ಯಾಹ್ನದ ವೈವಾ ಮುಂದಕ್ಕೆ ಹಾಕಿ, ಬಿಪಿ ತೋರಿಸಿಕೊಳ್ಳಲು ಹೋದರಂತೆ.

ಅಪ್ಪನ ಲಾಜಿಸ್ಟಿಕ್ಸ್

ಹಾಳೆಯ ಮೇಲಿದ್ದದ್ದನ್ನು ಮರುವರ್ಷ ರಸ್ತೆಗೆ ಇಳಿಸಿದೆ. ಒಂದು ಗಾಡಿ, ಹೆಣ ಕೆಡದಂತೆ ಇಡುವ ಎರಡು ಫ್ರೀಜರ್ ಪೆಟ್ಟಿಗೆ, ಸಿರಿಗೇರಿಯಿಂದ ಬರುವ ಒಬ್ಬ ಡ್ರೈವರ್. ನಮ್ಮದು ಮಡಿ ಮೈಲಿಗೆಯ ಮನೆ. ಅಮ್ಮ ದಿನಾ ಹಿತ್ತಲ ಬಾಗಿಲಲ್ಲಿ ಒಂದು ಬಕೆಟ್ ತಣ್ಣೀರು ಇಟ್ಟು ಕಾಯುತ್ತಿದ್ದಳು. ಬರೀ ಬ್ಯಾಂಕಿಗೆ ಹೋಗಿ ಬಂದೆ ಅಂದರೂ ತಲೆಮೇಲೆ ಸುರಿಯದೆ ಬಿಡುತ್ತಿರಲಿಲ್ಲ.

ತಣ್ಣೀರು ಹೇಗೋ ತಡೆದುಕೊಂಡೆ. ಅಪ್ಪನದು ತಡೆಯಲಾಗಲಿಲ್ಲ. ಮಗಳು ಏನು ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ "ಲಾಜಿಸ್ಟಿಕ್ಸ್" ಅಂದು ಮಾತು ತಿರುಗಿಸುತ್ತಿದ್ದರು. ಆ ಪದ ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಕಂಪನಿ ದೊಡ್ಡದಾಗಲಿ ಬಿಡಲಿ, ನಾಲ್ಕು ಜನರೆದುರು ಅಪ್ಪ ನನ್ನ ಕೆಲಸವನ್ನು ಬಾಯಿಬಿಟ್ಟು ಹೇಳಿದರೆ ಸಾಕಿತ್ತು ನನಗೆ.

ನಮ್ಮ ನೆಂಟರಲ್ಲಿ ಒಬ್ಬ ಮೇಷ್ಟ್ರಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಹೇಗೂ ನಿಮ್ಮ ಹುಡುಗಿಯದು ಲಾಜಿಸ್ಟಿಕ್ಸ್ ಅಲ್ಲವೇ, ಮನೆ ಸಾಮಾನು ಸಾಗಿಸಲು ಗಾಡಿ ಕಳಿಸಿ ಅಂದರು. ಅಪ್ಪ ಹೂಂ ಅನ್ನಲೂ ಆಗದೆ ಊಹೂಂ ಅನ್ನಲೂ ಆಗದೆ, ಹೇಗಾದರೂ ಮಾಡು ಅಂತ ನನ್ನ ಮುಖ ನೋಡಿದರು. ಗಾಡಿಯ ಎರಡೂ ಮಗ್ಗುಲಿಗೆ "ಅಂತಿಮ ಯಾತ್ರೆ" ಅಂತ ದಪ್ಪಕ್ಷರದಲ್ಲಿ ಬರೆಸಿದ್ದೆ. ಅದರ ಮೇಲೆ ಹಳೆಯ ಪೇಪರು ಅಂಟಿಸಿ ಕಳಿಸಿದೆ. ಸಿರುಗುಪ್ಪ ಮುಟ್ಟುವಷ್ಟರಲ್ಲಿ ದಾರಿಯ ಗಾಳಿಗೆ ಪೇಪರೆಲ್ಲ ಹಾರಿಹೋಗಿತ್ತು.

ಹೊಸ ಓಣಿಯ ಜನ ಗಾಡಿ ನೋಡಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಬಂದರು. ಒಬ್ಬರು ಹಾರ ತರಲು ಓಡಿದರು. ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲವಲ್ಲ, ಎದುರು ಮನೆಯ ಹೆಣ್ಣುಮಗಳು ಯಾರಿಗೂ ಕಾಯದೆ ಅಕ್ಕಿ ತೊಳೆದು ಒಲೆಗೆ ಏರಿಸಿಬಿಟ್ಟರು. ಹಿಂದಿನ ಬಾಗಿಲು ತೆಗೆದರೆ ಮಂಚ, ಬೀರು, ಗ್ರೈಂಡರ್. ತಂದ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಮೇಷ್ಟ್ರ ಕೊರಳಿಗೇ ಹಾಕಿದರಂತೆ.

ಹೊಸ ಊರಲ್ಲಿ ಮೊದಲ ದಿನ ಅಡುಗೆಯ ಚಿಂತೆಯೇ ಇರಲಿಲ್ಲ ಅಂತ ಮೇಷ್ಟ್ರ ಹೆಂಡತಿ ಫೋನಿನಲ್ಲಿ ಹೇಳಿದರು. ಮೇಷ್ಟ್ರು ಮಾತ್ರ ಅಪ್ಪನ ಜೊತೆ ಮಾತು ಬಿಟ್ಟರು.

ಕುರುಗೋಡಿನ ಯಜಮಾನರು

ಇದು ಪೂರ್ತಿ ನನ್ನದೇ ತಪ್ಪು. ಕುರುಗೋಡಿನಲ್ಲಿ ಒಬ್ಬ ಯಜಮಾನರು ಬೆಳಗ್ಗೆ ತೀರಿಕೊಂಡರು. ಮಗಳು ದೂರದಿಂದ ಬರಬೇಕು, ಸಂಜೆಯ ತನಕ ಪೆಟ್ಟಿಗೆ ಬೇಕು ಅಂತ ಮಗ ಫೋನು ಮಾಡಿದ. ಒಯ್ದೆವು. ನಮ್ಮ ಮನೆತನದಲ್ಲಿ ಮಲಗಿಸಿ ಸುಡುವುದು. ಲೋಕವೆಲ್ಲ ಹಾಗೆಯೇ ಅಂದುಕೊಂಡು, ಒಂದು ಮಾತೂ ಕೇಳದೆ ಯಜಮಾನರನ್ನು ಅಂಗಾತ ಮಲಗಿಸಿ ಸ್ವಿಚ್ ಹಾಕಿದೆ.

ಸಂಜೆ ಮಗಳು ಬಂದಳು. ಭಜನೆಯವರು ಬಂದರು. ಹೂವಿನ ವಿಮಾನ ಕಟ್ಟಿ ನಿಲ್ಲಿಸಿದರು. ಅವರಲ್ಲಿ ಸತ್ತವರನ್ನು ಅದರಲ್ಲಿ ಕೂಡಿಸಿ ಮೆರವಣಿಗೆ ಮಾಡಿ, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಪೆಟ್ಟಿಗೆ ತೆಗೆದರೆ ಯಜಮಾನರು ಮರದ ಹಲಗೆಯ ಹಾಗೆ ಸೆಟೆದುಹೋಗಿದ್ದರು. ನಾಲ್ಕು ಜನ ಸೇರಿದರೂ ಕೂಡಿಸಲಾಗಲಿಲ್ಲ. ಭಜನೆ ನಿಂತಿತು. ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಮಗ ಹಲ್ಲು ಕಡಿಯುತ್ತ ನನ್ನತ್ತ ಬಂದ. ಗೋಡೆಗೆ ಆತು ಅಳುತ್ತಿದ್ದ ಯಜಮಾನರ ಹೆಂಡತಿ ಅವನನ್ನು ತಡೆದಳು.

"ಆ ಹುಡುಗಿನ್ಯಾಕ ಬೈತೀಲೇ? ಮದುವಿ ದಿನಾನೂ ನಿಮ್ಮಪ್ಪ ಹಿಂಗ ಮಾಡಿದ್ದ. ನಮ್ಮಪ್ಪ ವಾಚು ಕಟ್ಟೋತನ ಹಸಿಮಣಿ ಮ್ಯಾಲ ಕುಂದ್ರಂಗಿಲ್ಲಂತ ಎರಡು ತಾಸು ನಿಂತಿದ್ದ. ಕಾಯ್ರಿ, ಕುಂದರ್ತಾನ."

ಭಜನೆಯವರು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡರು. ಮೈಯ ತಣುಪು ಇಳಿಯಲಿ ಅಂತ ಯಜಮಾನರನ್ನು ಹೊರಗೆ ಮಲಗಿಸಿ ಎಲ್ಲರೂ ಕಾದೆವು. ಯಜಮಾನರು ಸರಿಯಾಗಿ ಎರಡು ತಾಸಿಗೆ ಕೂತರು. ಕೂತ ಗಂಡನ ಮುಂದೆ ಆ ತಾಯಿ ಅತ್ತ ಅಳು ನಾನು ಮರೆಯುವಂಥದ್ದಲ್ಲ.

ಮಲಗಿಸುವುದೋ ಕೂಡಿಸುವುದೋ ಅಂತ ಮೊದಲು ಕೇಳಿಯೇ ಈಗ ಗಾಡಿ ಹೊರಡಿಸುತ್ತೇನೆ. ಸುದ್ದಿ ಹೇಗೋ ಮನೆ ಮುಟ್ಟಿತ್ತು. ಎರಡು ವರ್ಷದ ಎಂಬಿಎಯಲ್ಲಿ ಇದೊಂದನ್ನು ಕಲಿಸಲಿಲ್ಲವೇ ಅಂತ ಅಪ್ಪ ಕೇಳಿದರು. ಕಂಪನಿಯ ಬಗ್ಗೆ ಅವರಾಗಿಯೇ ಆಡಿದ ಮೊದಲ ಮಾತು ಅದು.

ಪಕ್ಕದ ಹಾಸಿಗೆ

ಹೋದ ವರ್ಷ ಅಪ್ಪ ಆಸ್ಪತ್ರೆ ಸೇರಿದರು. ಹೃದಯ ಸೋತಿದೆ, ಹೆಚ್ಚು ದಿನವಿಲ್ಲ ಅಂತ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅಪ್ಪನಿಗೆ ಯಾರೂ ಹೇಳಲಿಲ್ಲ. ಹೇಳದೆಯೇ ಅವರಿಗೆ ಗೊತ್ತಿತ್ತು.

ಪಕ್ಕದ ಹಾಸಿಗೆಯಲ್ಲಿ ರಾರಾವಿಯ ಒಬ್ಬ ಹಿರಿಯರಿದ್ದರು. ಹೊಟ್ಟೆಯ ಆಪರೇಷನ್ ಆಗಿ ಎರಡು ದಿನವಾಗಿತ್ತು. ಒಂದು ಮಧ್ಯಾಹ್ನ ನಾನು ಗಂಜಿ ತಂದಾಗ, ಏನು ಕೆಲಸ ಮಾಡುತ್ತೀಯವ್ವ ಅಂತ ಕೇಳಿದರು. ಈ ಹೊತ್ತಿನಲ್ಲಿ ಅಪ್ಪನಿಗೆ ಮುಜುಗರವಾಗುವುದು ಬೇಡ ಅಂತ ನಾನೇ "ಲಾಜಿ" ಅನ್ನುವಷ್ಟರಲ್ಲಿ ಅಪ್ಪ ದಿಂಬಿನಿಂದ ತಲೆಯೆತ್ತಿದರು.

"ಹೆಣಾ ಸಾಗಸ್ತಾಳ್ರಿ ನನ್ನ ಮಗಳು."

ಸುತ್ತಲಿನ ಹಾಸಿಗೆಯವರೆಲ್ಲ ತಿರುಗಿ ನೋಡಿದರು. ಅಪ್ಪ ಉಸಿರು ಎಳೆದುಕೊಂಡು ಮುಂದುವರಿಸಿದರು.

"ನಮ್ಮವ್ವ ಹೋದಾಗ ಅಳಾಕ ಸೈತ ನನಗ ಪುರುಸೊತ್ತು ಸಿಗಲಿಲ್ಲ. ಬ್ಯಾರೆ ಯಾರಿಗೂ ಹಂಗ ಆಗಬಾರದಂತ ಓದಿದ ಮ್ಯಾಲೆ ಈ ಕಂಪನಿ ಮಾಡ್ಯಾಳ. ಭಾಳ ಚಲೋ ಮಾಡ್ತಾಳ್ರಿ. ನಿಮಗ ಬೇಕಂದ್ರ ಹೇಳ್ರಿ, ಈಗ ನಂಬರ್ ಕೊಡಸ್ತೀನಿ."

ಹಿರಿಯರು ಹೊದಿಕೆಯನ್ನು ಗದ್ದದ ತನಕ ಎಳೆದುಕೊಂಡರು. "ಮೊದಲು ನೀವು ಮಾಡಿಸ್ಕೊಳ್ರಿ. ನಾ ನೋಡಿ ಹೇಳ್ತೀನಿ."

ಅಪ್ಪ ಕೆಮ್ಮು ಬರುವ ತನಕ ನಕ್ಕರು. ನರ್ಸು ಬಂದು ಇಬ್ಬರನ್ನೂ ಬೈದಳು. ನಾನು ಹೊರಗೆ ಹೋಗಿ ಗಂಜಿಯ ಡಬ್ಬಿ ಹಿಡಿದುಕೊಂಡು ಅತ್ತೆ.

ಮೂರನೇ ದಿನ ಬೆಳಗ್ಗೆ ಅಪ್ಪ ಹೋದರು. ಎಲ್ಲವನ್ನೂ ಡ್ರೈವರನೇ ನೋಡಿಕೊಂಡ. ನಾನು ಅಪ್ಪನ ಪಕ್ಕ ಕೂತು ಮನಸ್ಸು ತೀರುವ ತನಕ ಅತ್ತೆ. ಆಚಾರ್ಯರು ಹೊತ್ತಾಯಿತು, ಹೊರಡಿ ಅನ್ನುವಾಗ ಮನೆ ಬಾಗಿಲಲ್ಲಿ ಒಂದು ಆಟೋ ನಿಂತಿತು. ರಾರಾವಿಯ ಹಿರಿಯರು ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಮಗನ ಹೆಗಲು ಹಿಡಿದುಕೊಂಡು ಇಳಿದರು. ಆಗಷ್ಟೇ ಆಸ್ಪತ್ರೆಯಿಂದ ಬಿಟ್ಟಿದ್ದರಂತೆ, ಊರಿಗೆ ಹೋಗದೆ ನೇರ ಇಲ್ಲಿಗೆ ಬಂದಿದ್ದರು.

ಅಪ್ಪನಿಗೆ ಕೈ ಮುಗಿದರು. ಚಟ್ಟ ಮುಟ್ಟಿ ನೋಡಿದರು, ಹೂವು ನೋಡಿದರು, ಗಾಡಿಯ ಸುತ್ತ ಒಂದು ಸುತ್ತು ಬಂದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ನಿಮ್ಮಪ್ಪಾರು ಸುಳ್ಳು ಹೇಳಿಲ್ಲವ್ವ. ಭಾಳ ಚಲೋ ಐತಿ. ನನ್ನ ಹೆಸರೂ ಬರಕೋ. ಆದ್ರ ಅವಸರ ಮಾಡಬ್ಯಾಡ."