ಮೇಜಿನವರಿಗೆ, ಸರ್ವರ್‌ಗಳಿಗೆ

ಹೊಳಲ್ಕೆರೆಯ ಕಂಪ್ಯೂಟರ್ ಮೇಷ್ಟ್ರು ಬಸವೇಶನಿಗೆ ಆ ಆರು ತಿಂಗಳೂ ಕೋಪ ಮೂಗಿನ ತುದಿಯಲ್ಲೇ ಇತ್ತು. ಹೋಗಿಬರುವ ಕರೆಂಟಿನ ಮೇಲೆ, ಕೇಳಿಸಿಕೊಳ್ಳದ ಹುಡುಗರ ಮೇಲೆ, ಕದ್ದ ಸಾಫ್ಟ್‌ವೇರ್ ಹಾಕಿಕೊಂಡು ನೆಮ್ಮದಿಯಾಗಿ ಗೊರಕೆ ಹೊಡೆಯುವ ಸಮಸ್ತ ಜಿಲ್ಲೆಯ ಮೇಲೆ ಕೋಪ.

ಅದು ಎರಡು ಸಾವಿರದ ಮೂರನೇ ಇಸವಿ. ಯಾರು ಬೇಕಾದರೂ ತಗೊಂಡು ಯಾರಿಗೆ ಬೇಕಾದರೂ ಹಂಚಬಹುದಾದ ಲಿನಕ್ಸ್ ಎಂಬ ಸಾಫ್ಟ್‌ವೇರಿಗೆ ಕನ್ನಡ ಅಕ್ಷರ ಕೂರಿಸಿ, ಅರವತ್ತು ಸಿಡಿಗಳಿಗೆ ಇಳಿಸಿದ್ದ. ನಲವತ್ತು ಮನೆಯ ಕಂಪ್ಯೂಟರಿಗೆ, ಅಂದರೆ ಡೆಸ್ಕ್‌ಟಾಪಿಗೆ. ಇಪ್ಪತ್ತು, ಆಫೀಸಿನ ಹತ್ತಾರು ಕಂಪ್ಯೂಟರುಗಳಿಗೆ ಕೇಳಿದ್ದನ್ನು ಒದಗಿಸುವ ದೊಡ್ಡ ಯಂತ್ರಕ್ಕೆ, ಅಂದರೆ ಸರ್ವರಿಗೆ. ಕವರಿನ ಮೇಲೆ ಇಂಗ್ಲಿಷ್ ಸುಳಿಯಕೂಡದೆಂದು ಭೀಷ್ಮಪ್ರತಿಜ್ಞೆ ಮಾಡಿ, ಒಂದು ರಾಶಿಗೆ ‘ಮೇಜಿನವರಿಗೆ’ ಎಂದು ಬರೆದ. ಇನ್ನೊಂದಕ್ಕೆ ಮೂರು ದಿನ ಪದ ಹುಡುಕಿ, ಸಿಗದೆ, ಸಿಡುಕಿಕೊಂಡೇ ‘ಸರ್ವರ್‌ಗಳಿಗೆ’ ಎಂದು ಗೀಚಿದ. (ಪ್ರತಿಜ್ಞೆಗೆ ಅಷ್ಟೇ ಆಯುಸ್ಸು.)

ಈ ಮಹಾಯಜ್ಞ ನಡೆದದ್ದು ನಡುಮನೆಯ ಪಕ್ಕದ ಕೋಣೆಯಲ್ಲಿ. ಆ ಕೋಣೆ ಬಿಟ್ಟುಕೊಟ್ಟರೆ ಹೊಲಿಗೆ ಕ್ಲಾಸು ಶುರು ಮಾಡುತ್ತೇನೆಂದು ಹೆಂಡತಿ ಬಿಂದು ಎರಡು ವರ್ಷದಿಂದ ಕೇಳುತ್ತಿದ್ದಳು. ಈ ಸಲ ಕೇಳಿದ್ದಕ್ಕೆ ಬಸವೇಶ ಕೆಂಡವಾದ.

“ಭಾನುವಾರ ಎಲ್ಲಾ ಹಂಚ್ತೀನಿ. ಒಂದೇ ಒಂದು ಸಿಡಿ ಮನೆಗೆ ವಾಪಸ್ ಬಂದ್ರೂ ಕೋಣೆ ನಿಂದು.”

ಭಾನುವಾರ ಚಿತ್ರದುರ್ಗದ ಹೋಟೆಲೊಂದರ ಮಹಡಿಯಲ್ಲಿ, ಲಿನಕ್ಸ್ ತೋರಿಸಿ ಸಿಡಿ ಹಂಚುವ ಸಭೆ. ಕಂಪ್ಯೂಟರ್ ಜೋಡಿಸಲು ತಾನು ಮೇಲೆ ಹೊರಟ ಬಸವೇಶ, ಸಿಡಿಯ ಡಬ್ಬಗಳ ಜೊತೆ ಹೆಂಡತಿಯನ್ನು ಕೆಳಗೆ ನಿಲ್ಲಿಸಿ, ಬಂದವರಿಗೆ ಕೊಡು ಎಂದ. ಯಾರಿಗೆ ಯಾವುದು ಎಂದು ಅವಳು ಕೇಳಿದ್ದೇ ಅಪರಾಧವಾಯಿತು.

“ಓದಾಕ್ ಬರಲ್ವಾ ನಿಂಗೆ? ಕವರ್ ಮ್ಯಾಲೆ ಬರೆದೈತೆ, ಓದಿ ಕೊಡು” ಎಂದು ಹತ್ತು ಜನರೆದುರು ಗದರಿ ಮೆಟ್ಟಿಲು ಹತ್ತಿದ.

ಸಿಟ್ಟು ಅವಳಿಗೂ ಬಂತು. ಓದಿದಳು, ಓದಿದಂತೆಯೇ ಕೊಟ್ಟಳು.

ಅರ್ಧ ಗಂಟೆಯಾದರೂ ಮೇಲೆ ಬಂದ ಹನ್ನೊಂದು ಜನರಲ್ಲಿ ಒಬ್ಬರ ಕೈಯಲ್ಲೂ ಸಿಡಿ ಇಲ್ಲ. ದಡದಡ ಇಳಿದು ಬಂದ ಬಸವೇಶ ನೋಡುತ್ತಾನೆ: ಇಡ್ಲಿ ತಿನ್ನುತ್ತಿದ್ದ ಪ್ರತಿ ಮೇಜಿನವರ ಮುಂದೆಯೂ ಒಂದೊಂದು ಸಿಡಿ. ಭರಮಸಾಗರದ ಯಜಮಾನರೊಬ್ಬರು ಅದರ ಮೇಲೆ ಕಾಫಿ ಲೋಟ ಇಟ್ಟಿದ್ದರು. ಪಕ್ಕದ ಮೇಜಿನಾಕೆ ಅದರಲ್ಲೇ ಮುಖ ನೋಡಿಕೊಂಡು ಕುಂಕುಮ ತಿದ್ದುತ್ತಿದ್ದಳು. ಹೋಟೆಲಿನ ಎಂಟೂ ಸರ್ವರ್‌ಗಳು, ಮನೆಯಲ್ಲಿರುವವರಿಗೂ ಇರಲೆಂದು ಎರಡು ಮೂರು ಜೇಬಿಗಿಳಿಸಿದ್ದರು.

ಬಸವೇಶ ಮೈಮೇಲೆ ದೇವರು ಬಂದವನಂತೆ ಮೇಜಿಂದ ಮೇಜಿಗೆ ನುಗ್ಗಿ ಒಂದೊಂದನ್ನೂ ಕಿತ್ತುಕೊಂಡ. ಸರ್ವರ್ ದುರುಗಣ್ಣ ಮಾತ್ರ ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದು ನಿಂತ.

“ನಮ್ ಭಾವನ ಅಂಗ್ಡಿಯಾಗೆ ಕಂಪ್ಯೂಟ್ರು ಐತೆ ಸಾರ್. ಹಾಕ್ಸಿ ನೋಡಾಣ ಅಂತಿದ್ದೆ.”

ಇದು ನಿನಗಲ್ಲ ಎಂದು ಅದನ್ನೂ ಕಸಿದ. ಯಾರು ಬೇಕಾದರೂ ತಗೊಳ್ಳಿ ಎಂದು ಆರು ತಿಂಗಳು ಭಾಷಣ ಬಿಗಿದ ಬಾಯಿ ಅದು.

ಅರವತ್ತೂ ಎಣಿಸಿಕೊಂಡು ಮೇಲೆ ಹೋದರೆ, ಆ ಹನ್ನೊಂದು ಜನ ಉಪ್ಪಿಟ್ಟು ತಿಂದು, ಕೈತೊಳೆದು, ಹೊರಟುಹೋಗಿದ್ದರು.

ಹೊಳಲ್ಕೆರೆ ಬರುವ ತನಕ ಬಸ್ಸಿನಲ್ಲಿ ಹೆಂಡತಿಯನ್ನು ಒಂದೇ ಸಮನೆ ಬೈದ. ಮನೆಗೆ ಬಂದು ಅವನು ಡಬ್ಬಗಳನ್ನು ಕೋಣೆಯಲ್ಲಿ ಇಳಿಸುವಷ್ಟರಲ್ಲಿ, ಅವಳು ಹಿತ್ತಲಿಂದ ಹೊಲಿಗೆ ಮಿಷನ್ನು ಎಳೆದುಕೊಂಡು ಬಂದು ಬಾಗಿಲಲ್ಲಿ ನಿಂತಳು.

“ನಾನು ಒಂದೂ ಬಿಡ್ದಂಗೆ ಹಂಚಿದ್ದೆ. ವಾಪಸ್ ತಂದೋರು ನೀವು. ಆ ಕಡೆ ಸ್ವಲ್ಪ ಹಿಡ್ಕಳ್ರಿ, ಭಾರ ಐತೆ.”

ಬಸವೇಶ ಹಿಡಿದುಕೊಂಡ.