ಬಾದಶಹನ ಜುಟ್ಟಿಗೆ ಬಂದ ಕಪ್ಪು

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ರಾಶಿಯನ್ನು ಮುಟ್ಟದೆ, ದೂರದಿಂದ ಬಣ್ಣ ನೋಡಿಯೇ ಅದರ ಜಾತಕ ಹೇಳುವ ಶಮಶೇರಸಾಬರಿಗೆ ತಮ್ಮ ಕಣ್ಣಿನ ಮೇಲೆ ಭಾರೀ ಭರವಸೆ. (ಅವರ ಹೆಂಡತಿ ಮಹಮೂದಾಬೇಗಂ ಅದಕ್ಕೆ ಬೇರೆ ಹೆಸರಿಟ್ಟಿದ್ದಳು. ಅದನ್ನು ಇಲ್ಲಿ ಬರೆಯುವುದು ಬೇಡ.)

ಇಂಥ ಕಣ್ಣು ಕೂಡ ಸೋತು ಶರಣಾಗಿದ್ದು ಹೆಂಡತಿ ಸಾಕಿದ ಹುಂಜದ ಜುಟ್ಟಿಗೆ. ಹುಂಜದ ಹೆಸರು ಬಾದಶಹ. ಮುಂಜಾನೆಯ ಬಿಸಿಲಿಗೆ ಅವನ ಜುಟ್ಟು ಕೆಂಪಗೆ ಎದ್ದು ನಿಂತರೆ ಸಾಬರು ಹಲ್ಲುಜ್ಜುವುದನ್ನು ಮರೆತು ನಿಂತುಬಿಡುತ್ತಿದ್ದರು.

"ಈ ಕೆಂಪು ಯಾವ ಹೊಲದಾಗೂ ಬೆಳ್ಯಾಂಗಿಲ್ಲ, ಬೇಗಂ! ಇದು ಮ್ಯಾಲಿನವನ ಕೈ ಕೆಲಸ."

ಊರವರು ಮಾತ್ರ ಬೆರಗಾಗಿದ್ದು ಸಾಬರ ತಲೆಗೆ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಾದರೂ ಒಂದು ಬಿಳಿ ಕೂದಲಿಲ್ಲ! ಗುಟ್ಟೇನೆಂದು ಕೇಳಿದವರಿಗೆ "ಮೆಣಸಿನ ಬೀಜದ ಎಣ್ಣಿ" ಎನ್ನುತ್ತಿದ್ದರು. ನೆರೆಮನೆಯ ಪರಮೇಶಪ್ಪ ಅದನ್ನು ನಂಬಿ ಹಚ್ಚಿಕೊಂಡು, ಇಡೀ ಮಧ್ಯಾಹ್ನ ನಳದ ಕೆಳಗೆ ತಲೆ ಹಿಡಿದು ಕೂತಿದ್ದ.

ಸಾಬರಿಗೆ ಇನ್ನೊಂದು ರೂಢಿಯಿತ್ತು. ಗುರುವಾರ ಸಂಜೆ ಕೋಳಿಗೂಡಿನ ಹಿಂದೆ ಒಬ್ಬರೇ 'ಗಾಳಿಗೆ' ಕೂಡುವುದು. ಆ ಹೊತ್ತಿಗೆ ಯಾರೂ ಹಿತ್ತಲಿಗೆ ಬರಕೂಡದೆಂದು ಕಟ್ಟಪ್ಪಣೆ. ಬೇಗಂ ಬರುತ್ತಲೂ ಇರಲಿಲ್ಲ.

ಒಂದು ಶುಕ್ರವಾರ ಮುಂಜಾನೆ ನೋಡಿದರೆ ಬಾದಶಹನ ಜುಟ್ಟಿನ ತುಂಬ ಕಪ್ಪು ಚುಕ್ಕಿ! ಸಾಬರು ಕೈಯಲ್ಲಿದ್ದ ಹಲ್ಲುಪುಡಿಯನ್ನು ಅಲ್ಲೇ ಚೆಲ್ಲಿಬಿಟ್ಟರು. ಆದರೂ ತಜ್ಞರಲ್ಲವೆ, ಕಟ್ಟೆಯ ಮೇಲೆ ನಿಂತೇ ತೀರ್ಪು ಕೊಟ್ಟರು.

"ಕೋಳಿ ಸಿಡುಬು!"

ಗೋಡೆಯಾಚೆ ಪರಮೇಶಪ್ಪನ ಹೆಂಡತಿ ಭರಮವ್ವನ ಕಿವಿ ಚುರುಕು. "ಶಮಶೇರಣ್ಣಾ, ನನ್ನ ಕೋಳಿಗೆಲ್ಲಾ ಅಂಟಿದ್ರ ಏನ್ ಮಾಡ್ಲಿ? ಹೊತ್ತು ಮುಣಗೋದ್ರಾಗ ಅದರ ಕತಿ ಮುಗಿಸ್ರಿ!"

ಬೇಗಂ ಹುಂಜವನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು, ಬುಟ್ಟಿಯ ಮೇಲೆ ಕೈಯಿಟ್ಟು ಅಳುತ್ತ ಕೂತಳು. "ಒಮ್ಮೆರ ಮುಟ್ಟಿ ನೋಡೀರೇನ್ರಿ?"

"ಬಣ್ಣ ನೋಡಾಕ ಯಾಕ ಮುಟ್ಟಬೇಕು? ಪೇಟ್ಯಾಗ ನಾ ಯಾವ ರಾಶಿ ಮುಟ್ಟೇನಿ?"

"ಹಂಗಾರ ಮುಟ್ಟಿ ನೋಡೋರ್‍ನ ಕರಸ್ತೇನಿ" ಎಂದವಳೇ ದನದ ಡಾಕ್ಟರ್ ರೋಹಿಣಿಗೆ ಫೋನು ಹಚ್ಚಿದಳು.

ಡಾಕ್ಟರು ಬಂದು ಬಾದಶಹನನ್ನು ಬಗಲಲ್ಲಿ ಅವಚಿಕೊಂಡು ಜುಟ್ಟಿನ ಮೇಲೆ ಬೆರಳಾಡಿಸಿದರು.

"ಸಿಡುಬಾಗಿದ್ರ ಗಂಟು ಎದ್ದು ಹಕ್ಕಳಿ ಕಟ್ಟತಿತ್ತು. ಗಜಕರ್ಣ ಆಗಿದ್ರ ಬಿಳಿ ಹಿಟ್ಟು ಉದುರಿಸಿದಂಗ ಕಾಣತಿತ್ತು. ಇದು ನೋಡ್ರಿ, ನುಣ್ಣಗ ಐತಿ. ಒಂದೀಟು ಕೊಬ್ರಿ ಎಣ್ಣಿ, ಅರಳಿ ಕೊಡ್ರಿ."

ತಿಕ್ಕಿದರು. ಹತ್ತಿ ಕರ್ರಗಾಯಿತು, ಜುಟ್ಟು ಕೆಂಪಗಾಯಿತು. ಡಾಕ್ಟರು ಹತ್ತಿಯನ್ನು ಮೂಸಿ ನೋಡಿ ನಕ್ಕರು. "ಇದು ರೋಗ ಅಲ್ಲರಿ. ತಲಿಗೆ ಹಚ್ಚೋ ಕಪ್ಪು ಬಣ್ಣ. ನಿಮ್ಮನ್ಯಾಗ ಯಾರು ಹಚ್ಚತಾರ?"

ಸಾಬರ ಕೈ ತಾನಾಗಿಯೇ ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆಯಿತು. ಅಷ್ಟರಲ್ಲಿ ಕೆಳಗಿಳಿದ ಬಾದಶಹ ನೆಟ್ಟಗೆ ಗೂಡಿನ ಹಿಂದೆ ಹೋಗಿ, ಗೋಣಿಚೀಲದ ಅಡಿಯಿಂದ ಕಪ್ಪು ಮೆತ್ತಿದ ತೆಂಗಿನ ಚಿಪ್ಪನ್ನು ಕೆದರಿ ಹೊರಗೆಳೆದು, ಮತ್ತೆ ಅದರೊಳಗೆ ತಲೆ ಹಾಕಿದ. ಎಂಥ ಸಾಕ್ಷಿ! ಯಾವ ವಕೀಲರಿಂದಲೂ ಇದು ಆಗುತ್ತಿರಲಿಲ್ಲ.

"ಯವ್ವಾ!" ಗೋಡೆಯ ಮೇಲೆ ಭರಮವ್ವನ ಮುಖ ಮೂಡಿತು. "ಮೆಣಸಿನ ಬೀಜದ ಎಣ್ಣಿ ಅಂದ್ರ ಇದ ಏನ್ರಿ, ಶಮಶೇರಣ್ಣಾ? ನಮ್ಮೌರ ತಲಿ ಇನ್ನೂ ಉರ್‍ಯಾಕತ್ತೈತಿ!"

ಡಾಕ್ಟರು ನಗುತ್ತಲೇ ಹೋದರು. ಸಾಬರಿಗೆ ಊರಿನ ಚಿಂತೆಗಿಂತ ಹೆಂಡತಿಯ ಚಿಂತೆ ಹತ್ತಿತು. ತಲೆ ತಗ್ಗಿಸಿ ಅಂದರು, "ನಿನಗ ಭಾಳ ಮೋಸ ಮಾಡಿದೆ, ಬೇಗಂ."

"ಮೋಸಾ? ತಲಿದಿಂಬಿನ ಕವರು ಒಗಿಯೋರು ಯಾರು ಅಂತ ತಿಳದೀರಿ?"

ಸಾಬರು ಥಟ್ಟನೆ ತಲೆ ಎತ್ತಿದರು. "ಮತ್ತ ಒಂದು ದಿನಾನೂ ಅನ್ಲಿಲ್ಲ?"

"ಶುಕ್ರವಾರ ಕನ್ನಡಿ ಮುಂದ ಬಾದಶಹನಗತೆ ನಿಂದರ್ತಿದ್ರಿ. ನೋಡಾಕ ಚಂದ ಕಾಣತಿತ್ತು, ಸುಮ್ಮನಿದ್ದೆ."

ಜೀವಮಾನವೆಲ್ಲ ಬಣ್ಣ ನೋಡಿದ ಮನುಷ್ಯ, ದಿನಾ ಮುಂಜಾನೆ ಜುಟ್ಟನ್ನು ನೋಡುತ್ತಿದ್ದ ಹಾಗೆಯೇ ಬೆರಗಾಗಿ ಹೆಂಡತಿಯನ್ನು ನೋಡುತ್ತ ನಿಂತರು. ಆಗ ಗೋಡೆಯಾಚೆಯಿಂದ ಪರಮೇಶಪ್ಪನ ಸಣ್ಣ ದನಿ ಕೇಳಿಸಿತು.

"ಸಾಬ್ರ, ಬರೋ ಗುರುವಾರ ಗಾಳಿಗೆ ಕೂಡ್ರಾಕ ನಾನೂ ಬರ್ಲೇನ್ರಿ?"